ಲಿನಕ್ಸ್ ಹೊಸ ಡಿಸ್ಕಿಗೆ ಹೋದಾಗ ಬೂಟ್ ಯಾಕೆ ಕೈಕೊಡುತ್ತದೆ?

ನನ್ನ ಲ್ಯಾಪ್‌ಟಾಪಿನಲ್ಲಿ 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್ ಇತ್ತು, ಅದರಲ್ಲಿ ಉಬುಂಟು ಲಿನಕ್ಸ್. ಆನ್ ಮಾಡಿ, ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದರೂ ಲಾಗಿನ್ ಪರದೆ ಬಂದಿರುತ್ತಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ತಂದು, ಖಾಲಿಯಿದ್ದ ಎಂ.2 ಸ್ಲಾಟಿಗೆ ಸಿಕ್ಕಿಸಿ, ಇದ್ದ ಉಬುಂಟುವನ್ನು ಹಾಗೇ ಅದಕ್ಕೆ ಸಾಗಿಸಿದೆ. ಬೂಟ್ ಆಯಿತು. ಮೂರು ದಿನ ಅದರಲ್ಲೇ ಕೆಲಸ ಮಾಡಿದೆ, ಒಂದು ತೊಂದರೆಯೂ ಕಾಣಲಿಲ್ಲ. ನಾಲ್ಕನೇ ದಿನ ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ ಫೋಟೊಗಳಿಗೆಂದು ಮೀಸಲಿಟ್ಟೆ. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಒಂದೇ ಸಾಲು: “ನೋ ಬೂಟಬಲ್ ಡಿವೈಸ್”.

ಎದೆ ಧಸಕ್ಕೆಂದಿತು. ಆದರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ನೋಡಿದರೆ ಹೊಸ ಡಿಸ್ಕಿನಲ್ಲಿ ಒಂದು ಫೈಲೂ ಕಳೆದಿರಲಿಲ್ಲ. ಕಳೆದದ್ದು ವಿಳಾಸ ಮಾತ್ರ. ಆ ಮೂರೂ ದಿನ ಕಂಪ್ಯೂಟರ್ ಮೊದಲು ಹಳೆಯ ಡಿಸ್ಕಿನ ಬಾಗಿಲು ತಟ್ಟಿ, ಅಲ್ಲಿ ದಾರಿ ಕೇಳಿಕೊಂಡು ಹೊಸ ಡಿಸ್ಕಿಗೆ ಬರುತ್ತಿತ್ತು. ನಾನು ಆ ಬಾಗಿಲನ್ನೇ ಕಿತ್ತುಹಾಕಿದ್ದೆ.

ಲಿನಕ್ಸ್ ಸಾಗಿಸುವವರು ಬಹಳಷ್ಟು ಮಂದಿ ಎಡವುವುದು ಇಲ್ಲೇ. ಲಿನಕ್ಸ್ ಎಂದರೆ ಫೈಲುಗಳ ರಾಶಿ, ಅಷ್ಟೇ. ಸರಿಯಾಗಿ ನಕಲು ಮಾಡಿದರೆ ಅದು ಇನ್ನೊಂದು ಡಿಸ್ಕಿನಲ್ಲೂ, ಇನ್ನೊಂದು ಕಂಪ್ಯೂಟರಿನಲ್ಲೂ ನಡೆಯುತ್ತದೆ. ಮನೆ ಬದಲಿಸುವಾಗ ಸಾಮಾನನ್ನು ಲಾರಿಗೆ ಏರಿಸಿ ಇಳಿಸುವುದು ಒಂದು ದಿನದ ಕೆಲಸ. ಬ್ಯಾಂಕು, ಗ್ಯಾಸು, ರೇಷನ್ ಕಾರ್ಡುಗಳಲ್ಲಿ ವಿಳಾಸ ತಿದ್ದಿಸುವುದೇ ದೊಡ್ಡ ಓಡಾಟ. ಡಿಸ್ಕ್ ಬದಲಿಸುವಾಗಲೂ ಹಾಗೆಯೇ. ಯಾವ ವಿಳಾಸ ಎಲ್ಲಿ ಬರೆದಿದೆ ಎಂದು ಗೊತ್ತಿದ್ದರೆ, ಬೂಟ್ ಕೆಟ್ಟಾಗ ಪರದೆಯ ಮೇಲೆ ಬರುವ ಸಾಲು ಹೆದರಿಸುವುದಿಲ್ಲ, ಎಲ್ಲಿ ತಿದ್ದಬೇಕೆಂದು ತೋರಿಸುತ್ತದೆ.

ಐದು ಕಡೆ ಬರೆದ ವಿಳಾಸ

ಇಂದಿನ ಕಂಪ್ಯೂಟರುಗಳಲ್ಲಿ ಆನ್ ಮಾಡಿದ ಕೂಡಲೇ ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿರುವ ಯುಇಎಫ್‌ಐ ಎಂಬ ಫರ್ಮ್‌ವೇರ್, ಅಂದರೆ ಬೋರ್ಡಿನಲ್ಲೇ ಕೂತಿರುವ ಪುಟ್ಟ ಸಾಫ್ಟ್‌ವೇರ್. ಅದಕ್ಕೆ ಲಿನಕ್ಸ್ ಗೊತ್ತಿಲ್ಲ, ಲಿನಕ್ಸ್ ತನ್ನ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ ಗೊತ್ತಿಲ್ಲ. ಗೊತ್ತಿರುವುದು ಫ್ಯಾಟ್ ಬಗೆಯ ಪಾರ್ಟಿಶನ್, ಅಂದರೆ ಡಿಸ್ಕಿನ ವಿಭಾಗ, ಓದುವುದು. ಹಾಗಾಗಿ ಪ್ರತಿ ಬೂಟ್ ಡಿಸ್ಕಿನಲ್ಲೂ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿದ ಒಂದು ಪುಟ್ಟ ಪಾರ್ಟಿಶನ್ ಇರುತ್ತದೆ; ಹೆಸರು ಇಎಫ್‌ಐ ಸಿಸ್ಟಮ್ ಪಾರ್ಟಿಶನ್, ಚಿಕ್ಕದಾಗಿ ಇಎಸ್‌ಪಿ. ಅದರ ಯಾವ ಫೈಲನ್ನು ಓಡಿಸಬೇಕು ಎನ್ನುವ ಟಿಪ್ಪಣಿ ಮದರ್‌ಬೋರ್ಡಿನ ನೆನಪಿನಲ್ಲಿ, ಅಂದರೆ ಎನ್‌ವಿರ‍್ಯಾಮ್‌ನಲ್ಲಿ ಇರುತ್ತದೆ. ಇದು ಮೊದಲ ವಿಳಾಸ. ಡಿಸ್ಕಿನ ಮೇಲಿಲ್ಲದ ವಿಳಾಸ ಇದೊಂದೇ, ಆದ್ದರಿಂದ ಎಷ್ಟೇ ನಿಷ್ಠೆಯಿಂದ ನಕಲು ಮಾಡಿದರೂ ಇದು ನಕಲಾಗುವುದಿಲ್ಲ. ಆ ಟಿಪ್ಪಣಿಯಲ್ಲಿರುವುದು ಪಾರ್ಟಿಶನ್ನಿನ ಗುರುತಿನ ಸಂಖ್ಯೆ ಮತ್ತು ಫೈಲಿನ ದಾರಿ. ಉಬುಂಟುವಿನಲ್ಲಾದರೆ ಆ ಫೈಲು ಶಿಮ್. ಸಹಿಯಿಲ್ಲದ ಪ್ರೋಗ್ರಾಮುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಒಪ್ಪುವಂತೆ ಮೈಕ್ರೋಸಾಫ್ಟ್‌ನ ಸಹಿ ಪಡೆದ ಪುಟ್ಟ ಪ್ರೋಗ್ರಾಂ ಅದು. ಅದು ಗ್ರಬ್ ಅನ್ನು, ಅಂದರೆ ಲಿನಕ್ಸನ್ನು ಮೆಮೊರಿಗೆ ಏರಿಸುವ ಬೂಟ್‌ಲೋಡರನ್ನು, ಎಬ್ಬಿಸುತ್ತದೆ.

ಎರಡನೆಯ ವಿಳಾಸ ಇಎಸ್‌ಪಿಯ ಒಳಗೆ, ಗ್ರಬ್‌ನ ಪಕ್ಕದಲ್ಲೇ ಇದೆ. ಗ್ರಬ್.ಸಿಎಫ್‌ಜಿ ಎಂಬ ಹೆಸರಿನ ಮೂರು ಸಾಲಿನ ಫೈಲು. “ಈ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ) ಇರುವ ಪಾರ್ಟಿಶನ್ ಹುಡುಕು, ಅದರ ಬೂಟ್ ಫೋಲ್ಡರಿನಲ್ಲಿರುವ ನಿಜವಾದ ಗ್ರಬ್.ಸಿಎಫ್‌ಜಿ ಓದು” ಎನ್ನುವುದಷ್ಟೇ ಅದರ ಕೆಲಸ. ನನ್ನ ಕಥೆಯಲ್ಲಿ ಗುಟ್ಟಾಗಿ ಕೂತಿದ್ದದ್ದು ಈ ಫೈಲೇ. ಹಳೆಯ ಡಿಸ್ಕಿನ ಇಎಸ್‌ಪಿಯಲ್ಲಿ ಕೂತು ಹೊಸ ಡಿಸ್ಕಿನ ಕಡೆ ಕೈ ತೋರಿಸುತ್ತಿತ್ತು.

ಮೂರನೆಯದು ಆ ನಿಜವಾದ ಗ್ರಬ್.ಸಿಎಫ್‌ಜಿಯಲ್ಲಿ. ಗ್ರಬ್ ಇಲ್ಲಿಂದ ಲಿನಕ್ಸಿನ ತಿರುಳಾದ ಕರ್ನಲ್ಲನ್ನೂ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಪುಟ್ಟ ತಾತ್ಕಾಲಿಕ ವ್ಯವಸ್ಥೆಯನ್ನೂ ಮೆಮೊರಿಗೆ ಏರಿಸಿ, ಕರ್ನಲ್ಲಿಗೆ “ನಿನ್ನ ರೂಟ್ ಇಲ್ಲಿದೆ” ಎಂದು ಒಂದು ಯುಯುಐಡಿ ಕೊಡುತ್ತದೆ. ರೂಟ್ ಎಂದರೆ ಇಡೀ ವ್ಯವಸ್ಥೆಯ ಫೈಲುಗಳಿರುವ ಮುಖ್ಯ ಪಾರ್ಟಿಶನ್. ನಾಲ್ಕನೆಯದು ಇನಿಟ್‌ರ‍್ಯಾಮ್‌ಎಫ್‌ಎಸ್‌ನ ಒಳಗಿನದು. ರೂಟ್ ಪಾರ್ಟಿಶನ್ ತೆರೆಯಲು ಬೇಕಾದ ಡ್ರೈವರುಗಳು ಅದರಲ್ಲಿರಬೇಕು. ಹೈಬರ್ನೇಟ್ ಮಾಡುವಾಗ ಮೆಮೊರಿಯಲ್ಲಿರುವುದನ್ನು ಬರೆದಿಡುವ ಸ್ವಾಪ್ ಜಾಗದ ಗುರುತೂ ಅದರಲ್ಲಿ ಅಡಗಿರಬಹುದು. ಐದನೆಯದು ಎಲ್ಲರಿಗೂ ಗೊತ್ತಿರುವ /ಇಟಿಸಿ/ಎಫ್‌ಎಸ್‌ಟ್ಯಾಬ್. ರೂಟ್ ಸಿಕ್ಕ ಮೇಲೆ ಉಳಿದ ಪಾರ್ಟಿಶನ್‌ಗಳನ್ನು ಎಲ್ಲೆಲ್ಲಿ ಜೋಡಿಸಬೇಕು ಎಂದು, ಉಳಿದ ಸೇವೆಗಳನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿ ನೋಡುವ ಪಟ್ಟಿ ಅದು.

ಪ್ರತಿ ಕೊಂಡಿಗೂ ಗೊತ್ತಿರುವುದು ಮುಂದಿನ ಕೊಂಡಿಯ ವಿಳಾಸ ಮಾತ್ರ. ಪೂರ್ತಿ ದಾರಿ ಯಾರಿಗೂ ಗೊತ್ತಿಲ್ಲ.

ಯುಇಎಫ್‌ಐಗೂ ಹಿಂದಿನ ಬಯಾಸ್ ಫರ್ಮ್‌ವೇರ್ ಇರುವ ಹಳೆಯ ಕಂಪ್ಯೂಟರುಗಳಲ್ಲಿ ಮೊದಲೆರಡು ಕೊಂಡಿಗಳು ಬೇರೆ. ಅಲ್ಲಿ ಫರ್ಮ್‌ವೇರ್ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ ಓಡಿಸುತ್ತದೆ. ಅದರಲ್ಲೂ ಪ್ರೋಗ್ರಾಮಿಗೆ ಸಿಗುವ ಜಾಗ 446 ಬೈಟು, 64 ಬೈಟು ಪಾರ್ಟಿಶನ್ ಪಟ್ಟಿ, ಕೊನೆಯ 2 ಬೈಟು ಗುರುತು. ಗ್ರಬ್ ಅಷ್ಟರಲ್ಲಿ ಹಿಡಿಸದ ಕಾರಣ ಅದರ ಮುಂದಿನ ಭಾಗ ಮೊದಲ ಪಾರ್ಟಿಶನ್ನಿಗೂ ಮುಂಚೆ ಇರುವ ಖಾಲಿ ಜಾಗದಲ್ಲಿ ಕೂರುತ್ತದೆ. ಇದು ಯಾವ ಫೈಲಿನಲ್ಲೂ ಇಲ್ಲದ ವಸ್ತು. ಫೈಲುಗಳನ್ನಷ್ಟೇ ನಕಲು ಮಾಡಿದರೆ ಹೊಸ ಡಿಸ್ಕಿಗೆ ಬರುವುದೇ ಇಲ್ಲ. ಅದಕ್ಕೂ ಹಿಂದೆ ಲೈಲೊ ಎಂಬ ಬೂಟ್‌ಲೋಡರ್ ಇತ್ತು. ಕರ್ನಲ್ ಫೈಲು ಡಿಸ್ಕಿನ ಯಾವ ಯಾವ ಸೆಕ್ಟರಿನಲ್ಲಿದೆ ಎಂಬ ಸಂಖ್ಯೆಗಳನ್ನೇ ಅದು ಬರೆದಿಟ್ಟುಕೊಳ್ಳುತ್ತಿತ್ತು. ಕರ್ನಲ್ ಬದಲಾದ ಪ್ರತಿ ಸಲ ಲೈಲೊ ಓಡಿಸಲು ಮರೆತರೆ ಬೂಟ್ ಹೋಯಿತು. ಗ್ರಬ್ ತಾನೇ ಫೈಲ್‌ಸಿಸ್ಟಮ್ ಓದಬಲ್ಲದು, ಆ ಕಷ್ಟ ತಪ್ಪಿತು. ಲೈಲೊ ಬೆಳವಣಿಗೆ 2015ರ ಡಿಸೆಂಬರಿಗೆ ನಿಂತಿತು.

ಯುಯುಐಡಿ ಯಾಕೆ ಬೇಕಾಯಿತು ಎಂದೂ ಒಂದು ಮಾತು. ಸಾಟಾ ಡಿಸ್ಕುಗಳಿಗೆ ಲಿನಕ್ಸ್ ಎಸ್‌ಡಿಎ, ಎಸ್‌ಡಿಬಿ ಎಂದು ಸಿಕ್ಕ ಕ್ರಮದಲ್ಲಿ ಹೆಸರಿಡುತ್ತದೆ. ಒಂದು ಪೆನ್‌ಡ್ರೈವ್ ಹೆಚ್ಚಿದ್ದರೆ ಆ ಕ್ರಮ ಬದಲಾಗಬಹುದು. ಎನ್‌ವಿಎಂಇ ಆದರೆ ಎನ್‌ವಿಎಂಇ0ಎನ್1ಪಿ2 ಎನ್ನುವಂಥ ಹೆಸರು: 0ನೇ ಕಂಟ್ರೋಲರ್, 1ನೇ ನೇಮ್‌ಸ್ಪೇಸ್, 2ನೇ ಪಾರ್ಟಿಶನ್. ಇಂಥ ಹೆಸರುಗಳನ್ನು ನಂಬಿ ವಿಳಾಸ ಬರೆಯಲಾಗದು. ಅದಕ್ಕೇ ಫಾರ್ಮ್ಯಾಟ್ ಮಾಡುವಾಗ ಪ್ರತಿ ಫೈಲ್‌ಸಿಸ್ಟಮ್‌ಗೂ 128 ಬಿಟ್ಟಿನ ಒಂದು ಯಾದೃಚ್ಛಿಕ ಸಂಖ್ಯೆ ಬೀಳುತ್ತದೆ, ಅದೇ ಯುಯುಐಡಿ. ಫ್ಯಾಟ್‌ಗೆ ಮಾತ್ರ ಎಂಟು ಅಕ್ಷರದ ಚಿಕ್ಕ ಸಂಖ್ಯೆ, ನಡುವೆ ಒಂದು ಅಡ್ಡಗೆರೆ. ಬಿಎಲ್‌ಕೆಐಡಿ ಕಮಾಂಡ್ ಕೊಟ್ಟರೆ ಎಲ್ಲ ಪಾರ್ಟಿಶನ್‌ಗಳ ಸಂಖ್ಯೆಯೂ ಕಾಣುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಪಾರ್ಟಿಶನ್ನಿನ ಯುಯುಐಡಿಯೂ ಹೊಸದೇ. ಬೂಟ್ ಕೆಡುವುದಕ್ಕೆ ಮುಕ್ಕಾಲು ಪಾಲು ಕಾರಣ ಈ ಒಂದು ಸಂಗತಿ.

ಎರಡು ಬಗೆಯ ನಕಲು

ಮೊದಲನೆಯದು ಡಿಸ್ಕನ್ನು ಬೈಟಿಗೆ ಬೈಟು ನಕಲು ಮಾಡುವುದು. ಇದಕ್ಕೆ ಡಿಡಿ ಕಮಾಂಡ್ ಇದೆ. ಮೆನು ಬೇಕೆಂದರೆ ತೈವಾನಿನಲ್ಲಿ ಬೆಳೆದ ಕ್ಲೋನ್‌ಜಿಲ್ಲಾ ಇದೆ, ಅದು ಖಾಲಿ ಜಾಗವನ್ನು ಬಿಟ್ಟು ಬಳಸಿದ ಭಾಗವನ್ನಷ್ಟೇ ನಕಲು ಮಾಡಬಲ್ಲದು. ಡಿಡಿಗೆ ಆ ವಿವೇಚನೆ ಇಲ್ಲ. 1 ಟಿಬಿಯ ಡಿಸ್ಕಿನಲ್ಲಿ 60 ಜಿಬಿಯಷ್ಟೇ ತುಂಬಿದ್ದರೂ ಪೂರ್ತಿ 1 ಟಿಬಿ ಓದುತ್ತದೆ. ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಮೂರು ತಾಸಿಗೆ ಹತ್ತಿರ. ಎಲ್ಲಿಂದ, ಎಲ್ಲಿಗೆ ಎನ್ನುವ ಎರಡು ಹೆಸರು ಅದಲುಬದಲಾದರೆ ಇದ್ದ ಡಿಸ್ಕ್ ಅಳಿಸಿಹೋಗುತ್ತದೆ, ಕೇಳದೆ ಹೇಳದೆ. ಓಡಿಸುವ ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಲ್ಲಿ ಗಾತ್ರದ ಜೊತೆ ಮಾಡೆಲ್, ಸೀರಿಯಲ್ ಸಂಖ್ಯೆಯನ್ನೂ ತೋರಿಸಿಕೊಂಡು ಗಟ್ಟಿಯಾಗಿ ಓದಿ. ನಾನು ಚೀಟಿಯ ಮೇಲೆ ಬರೆದುಕೊಳ್ಳುತ್ತೇನೆ.

ಬೈಟು ನಕಲಿನ ಒಳ್ಳೆಯ ಗುಣವೆಂದರೆ ಯುಯುಐಡಿಗಳೂ ಹಾಗೇ ಬರುತ್ತವೆ, ವಿಳಾಸ ತಿದ್ದುವ ಕೆಲಸವೇ ಹೆಚ್ಚೂಕಡಿಮೆ ಇರುವುದಿಲ್ಲ. ಕೆಟ್ಟ ಗುಣವೂ ಅದೇ. ನಕಲಾದ ಮೇಲೆ ಎರಡೂ ಡಿಸ್ಕ್ ಒಟ್ಟಿಗೆ ಸಿಕ್ಕಿಸಿಟ್ಟರೆ ಒಂದೇ ವಿಳಾಸದ ಎರಡು ಮನೆಗಳಾದವು. ಯಾವುದು ತೆರೆದುಕೊಳ್ಳುತ್ತದೆ ಎಂದು ಹೇಳಲಾಗದು. ಹೊಸದರಲ್ಲಿ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡು ಹಳೆಯದರಲ್ಲಿ ಬರೆಯುತ್ತಿರುತ್ತೀರಿ. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಆದರೆ ಒಂದೇ ಯುಯುಐಡಿಯ ಎರಡನೆಯ ಪ್ರತಿಯನ್ನು ಜೋಡಿಸಲು ಒಪ್ಪುವುದೇ ಇಲ್ಲ. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಯುಯುಐಡಿಯನ್ನು ನಂಬಿಯೇ ತನ್ನ ಡಿಸ್ಕುಗಳನ್ನು ಗುರುತಿಸುವುದರಿಂದ ಅಲ್ಲಿ ಡೇಟಾ ಕೆಡುವ ಅಪಾಯವೇ ಇದೆ. ಹಾಗಾಗಿ ಡಿಡಿ ಮುಗಿದ ಕೂಡಲೇ ಕಂಪ್ಯೂಟರ್ ಆಫ್ ಮಾಡಿ, ಒಂದು ಡಿಸ್ಕ್ ಬಿಚ್ಚಿ, ಆಮೇಲೆ ಆನ್ ಮಾಡಿ.

ಇನ್ನೊಂದು ತೊಡಕು ದೊಡ್ಡ ಡಿಸ್ಕಿಗೆ ಹೋದಾಗ. ಇಂದಿನ ಡಿಸ್ಕುಗಳಲ್ಲಿರುವ ಜಿಪಿಟಿ ಎಂಬ ಪಾರ್ಟಿಶನ್ ಪಟ್ಟಿಯ ಒಂದು ಪ್ರತಿ ಡಿಸ್ಕಿನ ಮೊದಲಲ್ಲೂ ಇನ್ನೊಂದು ಕಟ್ಟಕೊನೆಯಲ್ಲೂ ಇರಬೇಕು. 500 ಜಿಬಿಯಿಂದ 1 ಟಿಬಿಗೆ ಡಿಡಿ ಮಾಡಿದರೆ ಕೊನೆಯ ಪ್ರತಿ ಡಿಸ್ಕಿನ ನಟ್ಟನಡುವೆ ಉಳಿಯುತ್ತದೆ. ಎಸ್‌ಜಿಡಿಸ್ಕ್‌ಗೆ ಸಣ್ಣ ಇ ಆಯ್ಕೆ ಕೊಟ್ಟರೆ ಅದನ್ನು ಕೊನೆಗೆ ಒಯ್ಯುತ್ತದೆ. ಆಮೇಲೆ ಪಾರ್ಟಿಶನ್ ಹಿಗ್ಗಿಸಿ, ರಿಸೈಜ್2ಎಫ್‌ಎಸ್‌ನಿಂದ ಇಎಕ್ಸ್‌ಟಿ4 ಹಿಗ್ಗಿಸಬಹುದು.

ಹಳೆಯ ಡಿಸ್ಕ್ ಸಾಯುತ್ತಿದ್ದರೆ, ಕಟಕಟ ಸದ್ದು ಬರುತ್ತಿದ್ದರೆ, ಫೈಲು ಓದುವಾಗ ಗಂಟಲು ಕಟ್ಟಿದಂತೆ ನಿಲ್ಲುತ್ತಿದ್ದರೆ ಡಿಡಿಯೂ ಬೇಡ, ಮುಂದೆ ಹೇಳುವ ಆರ್‌ಸಿಂಕೂ ಬೇಡ. ಗ್ನೂ ಡಿಡಿರೆಸ್ಕ್ಯೂ ಬಳಸಿ. ಓದಲಾಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದ್ದೇನೆ ಎಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯಬಹುದು.

ನನಗೆ 1 ಟಿಬಿಯಿಂದ 500 ಜಿಬಿಗೆ, ದೊಡ್ಡದರಿಂದ ಚಿಕ್ಕದಕ್ಕೆ ಹೋಗಬೇಕಿತ್ತು. ಅಲ್ಲಿ ಡಿಡಿ ನಡೆಯದು. ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ದಾರಿಯೇ ಸರಿ, ಮತ್ತು ಆರೋಗ್ಯವಾಗಿರುವ ಡಿಸ್ಕುಗಳ ನಡುವೆ ನಾನು ಯಾವಾಗಲೂ ಇದನ್ನೇ ಆರಿಸುತ್ತೇನೆ. ವಿಳಾಸ ತಿದ್ದುವ ಕೆಲಸ ಕೈಯಾರೆ ಮಾಡಬೇಕು, ನಿಜ. ಆದರೆ ಏನಾಯಿತು ಎಂದು ಪ್ರತಿ ಹೆಜ್ಜೆಯಲ್ಲೂ ಗೊತ್ತಿರುತ್ತದೆ.

ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಓಡುತ್ತಿರುವ ವ್ಯವಸ್ಥೆಯನ್ನೇ ನಕಲು ಮಾಡಿದರೆ ಡೇಟಾಬೇಸಿನಂಥ ಫೈಲುಗಳು ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳಬಹುದು. ಜೀಪಾರ್ಟೆಡ್‌ನಲ್ಲಿ ಹೊಸ ಡಿಸ್ಕಿಗೆ ಜಿಪಿಟಿ ಪಟ್ಟಿ ಹಾಕಿ, 512 ಎಂಬಿಯ ಒಂದು ಫ್ಯಾಟ್32 ಪಾರ್ಟಿಶನ್ ಮಾಡಿ ಅದಕ್ಕೆ ಇಎಸ್‌ಪಿ ಗುರುತು ಹಚ್ಚಿ, ಉಳಿದದ್ದನ್ನು ಇಎಕ್ಸ್‌ಟಿ4 ಮಾಡಿ. ಹಳೆಯ ರೂಟನ್ನು ಒಂದು ಫೋಲ್ಡರಿಗೂ ಹೊಸ ರೂಟನ್ನು ಇನ್ನೊಂದಕ್ಕೂ ಜೋಡಿಸಿ, ಆರ್‌ಸಿಂಕ್ ಓಡಿಸಿ.

ಆರ್‌ಸಿಂಕ್‌ನ ಆಯ್ಕೆಗಳಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿದೆ. ಸಣ್ಣ ಎ ಎಂದರೆ ಒಡೆತನ, ಅನುಮತಿ, ಸಮಯ, ಸಾಂಕೇತಿಕ ಕೊಂಡಿಗಳನ್ನು ಹಾಗೇ ಉಳಿಸು. ಇದಿಲ್ಲದೆ ಸಾದಾ ನಕಲು ಮಾಡಿದವರಿಗೆ ರೂಟ್ ಎಂಬ ಮೇಲಧಿಕಾರಿ ಬಳಕೆದಾರನ ಹೆಸರಿನಲ್ಲಿ ಕಮಾಂಡ್ ಓಡಿಸುವ ಸೂಡೊ ಕೈಕೊಡುತ್ತದೆ. ಅದು ರೂಟ್‌ನ ಒಡೆತನದಲ್ಲಿರಬೇಕು, ಸೆಟ್‌ಯುಐಡಿ ಗುರುತು ಇರಬೇಕು ಎಂದು ದೂರುತ್ತದೆ. ದೊಡ್ಡ ಎ ಮತ್ತು ದೊಡ್ಡ ಎಕ್ಸ್ ಎಂದರೆ ಹೆಚ್ಚುವರಿ ಅನುಮತಿಗಳನ್ನೂ ಫೈಲಿಗೆ ಅಂಟಿದ ವಿಶೇಷ ಗುಣಗಳನ್ನೂ ಒಯ್ಯಿ. ಫೆಡೋರಾ ಎಂಬ ಲಿನಕ್ಸ್ ಬಗೆಯಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಹಚ್ಚಿದ ಲೇಬಲ್‌ಗಳು ಇರುವುದು ಇದರಲ್ಲೇ. ಅವು ತಪ್ಪಿದರೆ ಎಲ್ಲ ಸರಿಯಿದ್ದೂ ಲಾಗಿನ್ ಆಗಲಾರದ ಸ್ಥಿತಿ ಬರಬಹುದು. ಆಗ ರೂಟ್‌ನಲ್ಲಿ ಆಟೊರೀಲೇಬಲ್ ಎಂಬ ಖಾಲಿ ಫೈಲನ್ನು, ಹೆಸರಿನ ಮುಂದೆ ಚುಕ್ಕಿಯಿಟ್ಟು, ಇಟ್ಟರೆ ಮುಂದಿನ ಬೂಟ್‌ನಲ್ಲಿ ಲೇಬಲ್‌ಗಳು ಮತ್ತೆ ಬೀಳುತ್ತವೆ. ದೊಡ್ಡ ಎಚ್ ಹಾರ್ಡ್‌ಲಿಂಕ್‌ಗಳಿಗೆ, ಅಂದರೆ ಒಂದೇ ಫೈಲಿಗಿರುವ ಹಲವು ಹೆಸರುಗಳಿಗೆ. ಸಣ್ಣ ಎಕ್ಸ್ ಎಂದರೆ ಈ ಒಂದು ಫೈಲ್‌ಸಿಸ್ಟಮ್ ಬಿಟ್ಟು ಆಚೆ ಹೋಗಬೇಡ. /ಹೋಮ್ ಬೇರೆ ಪಾರ್ಟಿಶನ್ನಿನಲ್ಲಿದ್ದರೆ ಅದನ್ನು ಬೇರೆಯಾಗಿ ನಕಲು ಮಾಡಬೇಕು ಎಂಬುದನ್ನೂ ಇದು ನೆನಪಿಸುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಹಾಕುವುದನ್ನು ಮರೆಯಬೇಡಿ. ಅದಿದ್ದರೆ ಒಳಗಿನದ್ದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಒಂದು ಹಂತ ಕೆಳಗೆ ಕೂರುತ್ತದೆ.

ನಿಮ್ಮ ವ್ಯವಸ್ಥೆ ಡಿಸ್ಕುಗಳನ್ನು ಒಂದು ಗುಂಪಾಗಿ ಬಳಸುವ ಎಲ್‌ವಿಎಂ ಮೇಲೆ ಕೂತಿದ್ದರೆ ರೂಟ್ ಸಾಗಿಸಲು ಇಷ್ಟೂ ಬೇಡ. ಹೊಸ ಡಿಸ್ಕನ್ನು ಅದೇ ಗುಂಪಿಗೆ ಸೇರಿಸಿ ಪಿವಿಮೂವ್ ಓಡಿಸಿದರೆ, ನೀವು ಕೆಲಸ ಮಾಡುತ್ತಿರುವಂತೆಯೇ ಡೇಟಾ ಹಿನ್ನೆಲೆಯಲ್ಲಿ ಸಾಗುತ್ತದೆ, ಯುಯುಐಡಿಯೂ ಬದಲಾಗುವುದಿಲ್ಲ. ಇಎಸ್‌ಪಿಯನ್ನೂ ಬೇರೆಯಾಗಿರುವ /ಬೂಟ್ ಅನ್ನೂ ಮಾತ್ರ ಕೈಯಾರೆ ಒಯ್ಯಬೇಕು. ಮೊದಲ ಸಲ ನೋಡಿದಾಗ ನಂಬಲಾಗದ ಸೊಗಸು ಅದು.

ಒಳಗೆ ಹೋಗಿ ವಿಳಾಸ ತಿದ್ದುವುದು

ನಕಲು ಮುಗಿದ ಮೇಲೆ ಮೊದಲು ಹೊಸ ಡಿಸ್ಕಿನಲ್ಲಿರುವ ಎಫ್‌ಎಸ್‌ಟ್ಯಾಬ್ ತೆರೆದು, ರೂಟ್, ಇಎಸ್‌ಪಿ, ಸ್ವಾಪ್ ಸಾಲುಗಳಲ್ಲಿ ಬಿಎಲ್‌ಕೆಐಡಿ ತೋರಿಸಿದ ಹೊಸ ಸಂಖ್ಯೆಗಳನ್ನು ಹಾಕಿ. ಈ ಕ್ರಮ ಮುಖ್ಯ, ನಾನು ತಪ್ಪಿದ್ದು ಇಲ್ಲಿಯೇ. ಎಫ್‌ಎಸ್‌ಟ್ಯಾಬ್‌ನಲ್ಲಿ ರೂಟ್ ಸಾಲನ್ನಷ್ಟೇ ತಿದ್ದಿ, ಇಎಸ್‌ಪಿ ಸಾಲು ಆಮೇಲೆ ನೋಡೋಣ ಎಂದು ಮುಂದೆ ಹೋಗಿದ್ದೆ. ಹೊಸ ವ್ಯವಸ್ಥೆಯ ಒಳಹೊಕ್ಕು “ಎಲ್ಲವನ್ನೂ ಜೋಡಿಸು” ಎಂದಾಗ /ಬೂಟ್/ಇಎಫ್‌ಐ ಜಾಗಕ್ಕೆ ಹಳೆಯ ಡಿಸ್ಕಿನ ಇಎಸ್‌ಪಿ ಬಂದು ಕೂತಿತು. ಗ್ರಬ್-ಇನ್‌ಸ್ಟಾಲ್ ಅಚ್ಚುಕಟ್ಟಾಗಿ ಅಲ್ಲೇ ಬರೆದು, “ದೋಷವಿಲ್ಲದೆ ಮುಗಿಯಿತು” ಎಂದು ಹೇಳಿತು. ಅದು ಸುಳ್ಳೂ ಆಗಿರಲಿಲ್ಲ.

ಒಳಹೊಕ್ಕುವುದಕ್ಕೆ ಬಳಸುವ ಉಪಾಯ ಸಿಎಚ್‌ರೂಟ್. ಪೆನ್‌ಡ್ರೈವಿನ ಕರ್ನಲ್ ಓಡುತ್ತಿರುವಂತೆಯೇ, ಈ ಟರ್ಮಿನಲ್ಲಿನ ಮಟ್ಟಿಗೆ ಹೊಸ ಡಿಸ್ಕಿನ ರೂಟನ್ನೇ ರೂಟ್ ಎಂದು ತಿಳಿ ಎಂದು ಹೇಳುವುದು. ಹೊಸ ರೂಟನ್ನು /ಎಂಎನ್‌ಟಿಗೆ ಜೋಡಿಸಿ, ಹೊಸ ಇಎಸ್‌ಪಿಯನ್ನು ಅದರೊಳಗಿನ /ಬೂಟ್/ಇಎಫ್‌ಐಗೆ ಜೋಡಿಸಿ. ಆಮೇಲೆ /ಡೆವ್, /ಪ್ರಾಕ್, /ಸಿಸ್, /ರನ್ ನಾಲ್ಕನ್ನೂ ಆರ್‌ಬೈಂಡ್ ಆಯ್ಕೆಯಲ್ಲಿ ಒಳಕ್ಕೆ ತನ್ನಿ. ಇವು ಡಿಸ್ಕಿನ ಮೇಲಿರುವ ಫೋಲ್ಡರುಗಳಲ್ಲ, ಓಡುತ್ತಿರುವ ಕರ್ನಲ್ ಜೊತೆ ಮಾತಾಡುವ ಕಿಟಕಿಗಳು. ಸಾದಾ ಬೈಂಡ್ ಮಾಡಿದರೆ /ಸಿಸ್ ಒಳಗಿನ ಇಎಫ್‌ಐ ವೇರಿಯಬಲ್‌ಗಳ ಕಿಟಕಿ ಬರುವುದಿಲ್ಲ, ಆಗ ಮೊದಲ ವಿಳಾಸವನ್ನು ಬರೆಯಲಾಗುವುದಿಲ್ಲ.

ಪೆನ್‌ಡ್ರೈವ್ ಹಳೆಯ ಬಯಾಸ್ ಬಗೆಯಲ್ಲಿ ಬೂಟ್ ಆಗಿದ್ದರೂ ಇದೇ ಗತಿ: ಈ ವ್ಯವಸ್ಥೆಯಲ್ಲಿ ಇಎಫ್‌ಐ ವೇರಿಯಬಲ್‌ಗಳಿಗೆ ಬೆಂಬಲವಿಲ್ಲ ಎನ್ನುತ್ತದೆ. /ಸಿಸ್/ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದೆಯೇ ಎಂದು ಶುರುವಿನಲ್ಲೇ ನೋಡಿ. ಇಲ್ಲದಿದ್ದರೆ ಬೂಟ್ ಮೆನುವಿಗೆ ಹೋಗಿ, ಅದೇ ಪೆನ್‌ಡ್ರೈವನ್ನು ಯುಇಎಫ್‌ಐ ಎಂದು ಬರೆದಿರುವ ಸಾಲಿನಿಂದ ಆರಿಸಿ.

ಸಿಎಚ್‌ರೂಟ್ ಒಳಗೆ ಮೂರು ಕಮಾಂಡ್. ಗ್ರಬ್-ಇನ್‌ಸ್ಟಾಲ್ ಮೊದಲೆರಡು ವಿಳಾಸಗಳನ್ನು ಬರೆಯುತ್ತದೆ. ಅಪ್‌ಡೇಟ್-ಗ್ರಬ್ ಮೂರನೆಯದನ್ನು. ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ನಾಲ್ಕನೆಯದನ್ನು, ಅದಕ್ಕೆ ಎಲ್ಲ ಕರ್ನಲ್‌ಗಳಿಗೂ ಮಾಡು ಎಂದು ಹೇಳಿ. ಇದು ಡೆಬಿಯನ್, ಉಬುಂಟು, ಮಿಂಟ್‌ಗಳ ಮಾತು. ಆರ್ಚ್‌ನಲ್ಲಿ ಕೊನೆಯದಕ್ಕೆ ಎಂಕೆಇನಿಟ್‌ಸಿಪಿಐಒ, ಫೆಡೋರಾದಲ್ಲಿ ಡ್ರಾಕಟ್. ಫೆಡೋರಾದ ಯುಇಎಫ್‌ಐ ಕಂಪ್ಯೂಟರಿನಲ್ಲಿ ಗ್ರಬ್2-ಇನ್‌ಸ್ಟಾಲ್ ಓಡಿಸಬೇಡಿ, ಶಿಮ್ ಮತ್ತು ಗ್ರಬ್ ಪ್ಯಾಕೇಜುಗಳನ್ನೇ ಮರುಸ್ಥಾಪಿಸಿ. ಇಲ್ಲವಾದರೆ ಸಹಿಯಿಲ್ಲದ ಗ್ರಬ್ ಬಂದು ಕೂತು ಸೆಕ್ಯೂರ್ ಬೂಟ್ ತಡೆಯುತ್ತದೆ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ /ಇಟಿಸಿ/ಕ್ರಿಪ್ಟ್‌ಟ್ಯಾಬ್ ಎಂಬ ಇನ್ನೊಂದು ವಿಳಾಸ ಪಟ್ಟಿ ಇದೆ. ಎನ್‌ಕ್ರಿಪ್ಟ್ ಆದ ಡೇಟಾವನ್ನು ಬೀಗ ಹಾಕಿಡುವ ಲಕ್ಸ್ ಎಂಬ ಪೆಟ್ಟಿಗೆಗೊಂದು ಯುಯುಐಡಿ, ಅದರೊಳಗಿನ ಫೈಲ್‌ಸಿಸ್ಟಮ್‌ಗೆ ಇನ್ನೊಂದು. ಕ್ರಿಪ್ಟ್‌ಟ್ಯಾಬ್‌ಗೆ ಬೇಕಾದದ್ದು ಪೆಟ್ಟಿಗೆಯದ್ದು.

ಪರದೆ ಏನು ಹೇಳುತ್ತಿದೆ?

ಬೂಟ್ ಎಲ್ಲಿ ನಿಂತಿತು ಎಂಬುದನ್ನು ನೋಡಿದರೆ ಯಾವ ವಿಳಾಸ ತಪ್ಪಿದೆ ಎಂದು ಗೊತ್ತಾಗುತ್ತದೆ. ಗ್ರಬ್‌ನ ಹೆಸರೂ ಕಾಣದೆ ಫರ್ಮ್‌ವೇರ್ ನೇರ ತನ್ನ ಸೆಟಪ್ ಪರದೆಗೆ ಬಂದರೆ, ಇಲ್ಲವೇ ಬೂಟ್ ಮಾಡುವಂಥ ಡಿಸ್ಕ್ ಇಲ್ಲ ಎಂದರೆ, ಕೆಟ್ಟಿರುವುದು ಮೊದಲ ಕೊಂಡಿ. ಇಎಫ್‌ಐಬೂಟ್‌ಎಂಜಿಆರ್ ಕಮಾಂಡ್ ಮದರ್‌ಬೋರ್ಡಿನ ನೆನಪಿನಲ್ಲಿರುವ ಟಿಪ್ಪಣಿಗಳನ್ನೆಲ್ಲ ತೋರಿಸುತ್ತದೆ. ಅಲ್ಲಿರುವ ಪಾರ್ಟಿಶನ್ ಗುರುತನ್ನು ಹೊಸ ಇಎಸ್‌ಪಿಯ ಗುರುತಿನ ಜೊತೆ ಹೋಲಿಸಿ. ಇಲ್ಲಿ ಬೇಕಿರುವುದು ಯುಯುಐಡಿ ಅಲ್ಲ, ಬಿಎಲ್‌ಕೆಐಡಿಯಲ್ಲೇ ಪಕ್ಕದಲ್ಲಿ ಕಾಣುವ ಪಾರ್ಟ್‌ಯುಯುಐಡಿ. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕುವವರಿಗೆ ಈ ಕೊಂಡಿ ಖಂಡಿತ ತಪ್ಪಿರುತ್ತದೆ, ಆ ಮದರ್‌ಬೋರ್ಡಿಗೆ ನಿಮ್ಮ ಉಬುಂಟುವಿನ ಸುದ್ದಿಯೇ ಗೊತ್ತಿಲ್ಲ. ಅದಕ್ಕೂ ಒಂದು ದಾರಿಯಿದೆ. ಟಿಪ್ಪಣಿ ಇಲ್ಲದಾಗ ಫರ್ಮ್‌ವೇರ್ ಇಎಸ್‌ಪಿಯಲ್ಲಿ ಇಎಫ್‌ಐ, ಅದರೊಳಗೆ ಬೂಟ್, ಅದರೊಳಗೆ ಬೂಟ್‌ಎಕ್ಸ್64 ಎಂಬ ನಿಗದಿತ ಹೆಸರಿನ ಫೈಲು ಇದೆಯೇ ಎಂದು ನೋಡುತ್ತದೆ. ಗ್ರಬ್-ಇನ್‌ಸ್ಟಾಲ್‌ಗೆ ರಿಮೂವಬಲ್ ಎಂಬ ಆಯ್ಕೆ ಕೊಟ್ಟರೆ ಅಲ್ಲಿಯೇ ಬರೆಯುತ್ತದೆ. ಪೆನ್‌ಡ್ರೈವುಗಳು ಯಾವ ಕಂಪ್ಯೂಟರಿನಲ್ಲಾದರೂ ಬೂಟ್ ಆಗುವುದು ಇದೇ ದಾರಿಯಿಂದ.

ಬರಿಯ “ಗ್ರಬ್” ಎಂದು ಕರ್ಸರ್ ಮಿನುಗುತ್ತಾ ನಿಂತರೆ ಎರಡನೆಯ ಕೊಂಡಿ. ಗ್ರಬ್ ಎದ್ದಿದೆ, ಅದಕ್ಕೆ ತನ್ನ ಮೆನು ಫೈಲು ಸಿಕ್ಕಿಲ್ಲ. ಎಲ್‌ಎಸ್ ಎಂದು ಬರೆದರೆ ಡಿಸ್ಕುಗಳನ್ನು ತೋರಿಸುತ್ತದೆ. ಒಂದೊಂದೇ ಪಾರ್ಟಿಶನ್ ಇಣುಕಿ ಬೂಟ್ ಫೋಲ್ಡರ್ ಎಲ್ಲಿದೆ ಎಂದು ಹುಡುಕಿ, ಕಾನ್ಫಿಗ್‌ಫೈಲ್ ಎಂಬ ಕಮಾಂಡಿಗೆ ಆ ಗ್ರಬ್.ಸಿಎಫ್‌ಜಿಯ ಪೂರ್ತಿ ದಾರಿ ಕೊಟ್ಟರೆ ಮೆನು ಬರುತ್ತದೆ. “ಗ್ರಬ್ ರೆಸ್ಕ್ಯೂ” ಎಂದಿದ್ದರೆ ಪರಿಸ್ಥಿತಿ ಇನ್ನೂ ಬಡವಾದದ್ದು: ಗ್ರಬ್‌ಗೆ ತನ್ನ ಮಾಡ್ಯೂಲುಗಳೂ ಸಿಕ್ಕಿಲ್ಲ, ಬೆರಳೆಣಿಕೆಯ ಕಮಾಂಡುಗಳಷ್ಟೇ ಗೊತ್ತು. ಅಲ್ಲಿ ಸೆಟ್ ಬಳಸಿ ರೂಟ್ ಮತ್ತು ಪ್ರಿಫಿಕ್ಸ್ ಎರಡನ್ನೂ ಸರಿಯಾದ ಪಾರ್ಟಿಶನ್ನಿಗೆ ತಿರುಗಿಸಿ, ಇನ್ಸ್‌ಮಾಡ್ ನಾರ್ಮಲ್, ಆಮೇಲೆ ನಾರ್ಮಲ್ ಎಂದು ಬರೆಯಬೇಕು. ಎರಡೂ ಸಂದರ್ಭದಲ್ಲಿ ಇದು ಒಂದು ಸಲ ಒಳಗೆ ಹೋಗಲು ಮಾತ್ರ. ಒಳಗೆ ಹೋದ ಮೇಲೆ ಗ್ರಬ್-ಇನ್‌ಸ್ಟಾಲ್ ಓಡಿಸದಿದ್ದರೆ ನಾಳೆ ಮತ್ತೆ ಅದೇ ಪರದೆ.

ಗ್ರಬ್ ಮೆನು ಬಂದು, ಕರ್ನಲ್ ಶುರುವಾಗಿ, ಕೊನೆಗೆ “ಅಲರ್ಟ್! ಈ ಯುಯುಐಡಿ ಇಲ್ಲ, ಶೆಲ್ಲಿಗೆ ಬಿಡುತ್ತಿದ್ದೇನೆ” ಎಂಬ ಅರ್ಥದ ಸಾಲು ಬಂದು ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಪ್ರಾಂಪ್ಟ್ ಕಂಡರೆ ಮೂರನೆಯದೋ ನಾಲ್ಕನೆಯದೋ ಎಂದು ಬಿಡಿಸಿಕೊಳ್ಳಬೇಕು. ಬಹಳ ಜನ ಇಲ್ಲಿ ಕೈಚೆಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡುತ್ತಾರೆ, ಅಗತ್ಯವೇ ಇಲ್ಲ. ಆ ಪ್ರಾಂಪ್ಟಿನಲ್ಲೇ ಬಿಎಲ್‌ಕೆಐಡಿ ಎಂದು ಬರೆಯಿರಿ. ಹೊಸ ಡಿಸ್ಕಿನ ಪಾರ್ಟಿಶನ್‌ಗಳು ಕಾಣುತ್ತಿವೆ, ಆದರೆ ಸಂಖ್ಯೆ ಮಾತ್ರ ಅಲರ್ಟ್‌ನಲ್ಲಿ ಹೇಳಿದ್ದಕ್ಕಿಂತ ಬೇರೆ ಇದೆ ಎಂದಾದರೆ, ಗ್ರಬ್.ಸಿಎಫ್‌ಜಿಯಲ್ಲಿ ಹಳೆಯ ವಿಳಾಸ ಉಳಿದಿದೆ. ಅಪ್‌ಡೇಟ್-ಗ್ರಬ್ ಓಡಲಿಲ್ಲ, ಅಥವಾ ಸಿಎಚ್‌ರೂಟ್ ಹೊರಗೆ ಓಡಿದೆ. ಡಿಸ್ಕೇ ಕಾಣುತ್ತಿಲ್ಲ ಎಂದಾದರೆ ಡ್ರೈವರ್ ಇಲ್ಲ. ಉಬುಂಟು ಸಾಮಾನ್ಯವಾಗಿ ಬಹುಪಾಲು ಡ್ರೈವರುಗಳನ್ನು ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ ಇಡುತ್ತದೆ. ಫೆಡೋರಾದ ಡ್ರಾಕಟ್ ಈ ಕಂಪ್ಯೂಟರಿಗೆ ಬೇಕಾದವನ್ನಷ್ಟೇ ಇಡುವುದರಿಂದ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆ ಡ್ರೈವರ್ ಇಲ್ಲದೇ ಹೋಗಬಹುದು. ಫೆಡೋರಾದ ಗ್ರಬ್ ಮೆನುವಿನಲ್ಲಿ ರೆಸ್ಕ್ಯೂ ಎಂಬ ಸಾಲು ಇರುವುದು ಇಂಥ ದಿನಕ್ಕೇ, ಅದರಲ್ಲಿ ಎಲ್ಲ ಡ್ರೈವರೂ ಇರುತ್ತವೆ. ಅದರಿಂದ ಒಳಹೋಗಿ ಡ್ರಾಕಟ್ ಓಡಿಸಿ.

ಮುಂದಿನದು ನಿಧಾನ ಬೂಟ್. “ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್” ಎಂದು ಹೇಳಿ, ತಡವಾಗಿಯಾದರೂ ಬೂಟ್ ಆಗುತ್ತಿದ್ದರೆ, ಇನಿಟ್‌ರ‍್ಯಾಮ್‌ಎಫ್‌ಎಸ್ ಹಳೆಯ ಡಿಸ್ಕಿನ ಸ್ವಾಪ್‌ಗಾಗಿ ಕಾಯುತ್ತಿದೆ. /ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್ ಒಳಗಿನ ಕಾನ್ಫ್.ಡಿ ಫೋಲ್ಡರಿನಲ್ಲಿ ರೆಸ್ಯೂಮ್ ಎಂಬ ಫೈಲಿರುತ್ತದೆ. ಅದರಲ್ಲಿ ಹೊಸ ಸಂಖ್ಯೆ ಹಾಕಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿ.

ಇನ್ನು “ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್” ಎಂದು ಒಂದೂವರೆ ನಿಮಿಷದ ಎಣಿಕೆ ಓಡಿ, “ಎಮರ್ಜೆನ್ಸಿ ಮೋಡ್” ಬಂದರೆ ಅದು ಐದನೆಯ ಕೊಂಡಿ. ಹೆಸರು ಭಯ ಹುಟ್ಟಿಸುತ್ತದೆ, ಕೆಲಸ ಮಾತ್ರ ಐದರಲ್ಲೂ ಅತಿ ಸುಲಭದ್ದು. ರೂಟ್ ಆಗಲೇ ತೆರೆದಿದೆ. ಎಫ್‌ಎಸ್‌ಟ್ಯಾಬ್‌ನ ಬೇರೆ ಯಾವುದೋ ಸಾಲು ಇಲ್ಲದ ಡಿಸ್ಕಿಗಾಗಿ 90 ಸೆಕೆಂಡು ಕಾದು ಸೋತಿದೆ. ಎಂಟರ್ ಒತ್ತಿ ಅಥವಾ ಪಾಸ್‌ವರ್ಡ್ ಕೊಟ್ಟು ಒಳಹೋಗಿ, ರೂಟ್ ಬರೆಯಲು ಬಿಡದಿದ್ದರೆ ಬರೆಯುವಂತೆ ಮತ್ತೆ ಜೋಡಿಸಿಕೊಂಡು, ಆ ಸಾಲು ತಿದ್ದಿ. ಸದಾ ಸಿಕ್ಕಿಸಿರದ ಡಿಸ್ಕುಗಳ ಸಾಲಿಗೆ ನೋಫೇಲ್ ಎಂದು ಸೇರಿಸಿಟ್ಟರೆ, ಅವು ಇಲ್ಲದ ದಿನವೂ ಬೂಟ್ ನಿಲ್ಲುವುದಿಲ್ಲ.

ಹಳೆಯ ಡಿಸ್ಕ್ ಬಿಚ್ಚಿ ನೋಡುವ ತನಕ

ಎರಡೂ ಡಿಸ್ಕ್ ಒಳಗಿದ್ದಾಗ ಆಗುವ ಬೂಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಹಳೆಯ ಡಿಸ್ಕ್ ಬಿಚ್ಚಿ, ಮೇಜಿನ ಮೇಲಿಟ್ಟು ಆನ್ ಮಾಡಬೇಕು. ಬಿಚ್ಚಲು ಬರದಿದ್ದರೆ ಫರ್ಮ್‌ವೇರ್ ಸೆಟಪ್‌ನಲ್ಲಿ ಆ ಸಾಟಾ ಪೋರ್ಟ್ ಆಫ್ ಮಾಡುವ ಆಯ್ಕೆ ಕೆಲವು ಕಂಪ್ಯೂಟರುಗಳಲ್ಲಿ ಸಿಗುತ್ತದೆ. ಬೂಟ್ ಆದ ಮೇಲೆ ಫೈಂಡ್‌ಎಂಎನ್‌ಟಿ ಓಡಿಸಿ ರೂಟ್ ಮತ್ತು /ಬೂಟ್/ಇಎಫ್‌ಐ ಎರಡೂ ಎನ್‌ವಿಎಂಇ ಹೆಸರಿನಲ್ಲೇ ಇವೆಯೇ ನೋಡಿ. ಸ್ವಾಪಾನ್ ಕಮಾಂಡಿಗೆ ಶೋ ಎಂಬ ಆಯ್ಕೆ ಕೊಟ್ಟು ಸ್ವಾಪ್ ನೋಡಿ. ಕರ್ನಲ್ ಅಪ್‌ಡೇಟ್ ಒಂದು ಬಂದು, ಅದರ ಮೇಲೆ ಒಂದು ಸಲ ಬೂಟ್ ಆಗುವವರೆಗೂ ಹಳೆಯದನ್ನು ಅಳಿಸಬೇಡಿ, ಏಕೆಂದರೆ ಗ್ರಬ್ ಮೆನುವೂ ಇನಿಟ್‌ರ‍್ಯಾಮ್‌ಎಫ್‌ಎಸ್ಸೂ ತಾವಾಗಿಯೇ ಹೊಸದಾಗಿ ಕಟ್ಟಿಕೊಳ್ಳುವುದು ಆಗ.

ಆ ನಾಲ್ಕನೇ ದಿನ ಪೆನ್‌ಡ್ರೈವ್ ಹಿಡಿದು ಕೂತ ಮೇಲೆ ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಹೊಸ ಡಿಸ್ಕಿನಲ್ಲಿ ಇಎಸ್‌ಪಿಯನ್ನು ಮೊದಲೇ ಮಾಡಿಟ್ಟಿದ್ದೆ, ಅದು ಖಾಲಿ ಬಿದ್ದಿತ್ತು. ಎಫ್‌ಎಸ್‌ಟ್ಯಾಬ್‌ನಲ್ಲಿ ಎಂಟು ಅಕ್ಷರ ತಿದ್ದಿ, ಸಿಎಚ್‌ರೂಟ್ ಹೊಕ್ಕು, ಮೂರೂ ಕಮಾಂಡ್ ಓಡಿಸಿ ಹೊರಬಂದೆ. ಇಎಫ್‌ಐಬೂಟ್‌ಎಂಜಿಆರ್‌ನಲ್ಲಿ ಉಬುಂಟು ಹೆಸರಿನ ಎರಡು ಟಿಪ್ಪಣಿ ಕಂಡವು. ಪಾರ್ಟ್‌ಯುಯುಐಡಿ ಹೋಲಿಸಿ, ಅಳಿಸಿಹೋದ ಡಿಸ್ಕಿನದ್ದನ್ನು ತೆಗೆದು, ಹಳೆಯ ಡಿಸ್ಕ್ ಬಿಚ್ಚಿಟ್ಟು ಆನ್ ಮಾಡಿದೆ. ಅಡುಗೆಮನೆಗೆ ಹೋಗುವಷ್ಟು ಹೊತ್ತು ಸಿಗಲಿಲ್ಲ.